ಡೇಟಾಬೇಸ್‌ಗೆ ಎಕರೆ-ಗುಂಟೆ ಕಲಿಸುವ ಹ್ಯಾಂಡ್ಲರ್

ಗುಂಡ್ಲುಪೇಟೆ ತಾಲ್ಲೂಕಿನ ಯಾವುದಾದರೂ ಪಹಣಿ ತೆಗೆದು ನೋಡಿ. ಮೂರನೇ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಖರಾಬು, ಕೊನೆಗೆ ಸಾಗುವಳಿಗೆ ಉಳಿಯುವ ನೆಲ. ಒಟ್ಟು 4 ಎಕರೆ 12 ಗುಂಟೆ, ಖರಾಬು 15 ಗುಂಟೆ ಎಂದಿಟ್ಟುಕೊಳ್ಳೋಣ. ಉಳಿಯುವುದು 3 ಎಕರೆ 37 ಗುಂಟೆ. ನಾಡಕಚೇರಿಯ ಗುಮಾಸ್ತರಿರಲಿ, ಹೊಲದ ರೈತನೂ ಇದನ್ನು ಬಾಯಲ್ಲೇ ಹೇಳಿಬಿಡುತ್ತಾನೆ. ಅದೇ ಅಂಕಿಗಳನ್ನು 4.12, 0.15 ಎಂದು ದಶಮಾಂಶವಾಗಿ ಡೇಟಾಬೇಸ್‌ಗೆ ತುಂಬಿ ಕಳೆಯಲು ಹೇಳಿದರೆ 3.97 ಬರುತ್ತದೆ. 3 ಎಕರೆ 97 ಗುಂಟೆ ಎಂಬ ಅಳತೆ ಎಲ್ಲಿಯೂ ಇಲ್ಲ. 40 ಗುಂಟೆಗೇ ಎಕರೆ ತುಂಬಿಹೋಗುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಾದದ್ದು. ದಶಮಾಂಶದಲ್ಲಿ 1.2 ಮತ್ತು 1.20 ಒಂದೇ ಸಂಖ್ಯೆ. ಪಹಣಿಯಲ್ಲಿ ಒಂದು 1 ಎಕರೆ 2 ಗುಂಟೆ, ಇನ್ನೊಂದು ಒಂದೂವರೆ ಎಕರೆ. ಸೊನ್ನೆ ಬಿಟ್ಟು ಟೈಪ್ ಮಾಡಿದ ಒಂದು ನಮೂದು ಹದಿನೆಂಟು ಗುಂಟೆಯನ್ನು ಹುಟ್ಟಿಸಬಹುದು, ಇಲ್ಲವೇ ಅಳಿಸಬಹುದು. ಒಂದೆರಡು ಎಕರೆಯಲ್ಲಿ ಅರಿಸಿನವನ್ನೋ ಚೆಂಡು ಹೂವನ್ನೋ ಬೆಳೆದು ಬದುಕುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಡೇಟಾಬೇಸ್‌ಗೆ ಇಂಥ ಸ್ಥಳೀಯ ಲೆಕ್ಕವನ್ನು ಕಲಿಸಲು ಹಲವು ದಾರಿಗಳಿವೆ. ಅವುಗಳಲ್ಲಿ ಆಳಕ್ಕೆ ಇಳಿಯುವ ದಾರಿಯೆಂದರೆ ಡೇಟಾಬೇಸಿನೊಳಗೆ ಓಡುವ ಹೊಸದೊಂದು ಪ್ರೊಸೀಜರಲ್ ಭಾಷೆಯನ್ನೇ ಕಟ್ಟುವುದು. ಆ ಭಾಷೆಗೂ ಡೇಟಾಬೇಸಿಗೂ ನಡುವೆ ನಿಲ್ಲುವ ಸಿ ಪ್ರೋಗ್ರಾಮಿಗೆ ಹ್ಯಾಂಡ್ಲರ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚುಟುಕಾಗಿ ಪೋಸ್ಟ್‌ಗ್ರೆಸ್) ಎಂಬ ಮುಕ್ತ ಡೇಟಾಬೇಸಿನಲ್ಲಿ ಹ್ಯಾಂಡ್ಲರ್ ಬರೆಯುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಉದಾಹರಣೆಗೆ ಬಳಸಿರುವ ‘ಪಿಎಲ್/ಗುಂಟೆ’ ಎಂಬ ಪುಟ್ಟ ಭಾಷೆ ವಿವರಣೆಗೆಂದೇ ಹೆಣೆದದ್ದು. ಅದು ಅವಲಂಬಿಸಿರುವ ಪೋಸ್ಟ್‌ಗ್ರೆಸ್‌ನ ಏರ್ಪಾಡುಗಳೆಲ್ಲ ಇರುವಂಥವೇ.

ಪಹಣಿಯಿಂದ ಡೇಟಾಬೇಸಿಗೆ

ಕರ್ನಾಟಕದ ಜಮೀನು ದಾಖಲೆಗಳು ಕಂಪ್ಯೂಟರಿಗೆ ಏರಿದ್ದು ‘ಭೂಮಿ’ ಯೋಜನೆಯಲ್ಲಿ. ಅಲ್ಲಿಯವರೆಗೆ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಕಾಯ್ದಿದ್ದ ಪಹಣಿಗಳನ್ನು ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ ಗಣಕೀಕರಿಸಲಾಯಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. 2001ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಯಂತ್ರದೊಳಗೆ ಬಂದಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಸಿಗುತ್ತಿತ್ತು. ಗುಂಡ್ಲುಪೇಟೆ ಇರುವ ಚಾಮರಾಜನಗರ ಆಗ ಹೊಸ ಜಿಲ್ಲೆ. 1997ರ ಆಗಸ್ಟ್‌ನಲ್ಲಷ್ಟೇ ಮೈಸೂರಿನಿಂದ ಬೇರೆಯಾಗಿತ್ತು.

‘ಭೂಮಿ’ ತನ್ನದೇ ಆದ ವ್ಯವಸ್ಥೆ, ಇಲ್ಲಿ ಹೇಳುವ ಹ್ಯಾಂಡ್ಲರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದು ಎತ್ತಿ ತೋರಿಸಿದ ಒಂದು ವಿಚಾರ ಇಲ್ಲಿಗೆ ಬೇಕು. ಶಾನುಭೋಗರ ಕಾಲದಿಂದ ಬಂದ ಲೆಕ್ಕದ ಪದ್ಧತಿ ಕಾಗದದಿಂದ ಟೇಬಲ್ಲಿಗೆ ಹೋದಾಗ ಅದರ ನಿಯಮಗಳೂ ಜೊತೆಗೆ ಹೋಗಬೇಕು. ಅಂಕಿ ಮಾತ್ರ ಹೋಗಿ ನಿಯಮ ಹೊರಗುಳಿದರೆ, ಆ ಟೇಬಲ್ಲನ್ನು ಓದುವ ಒಂದೊಂದು ಪ್ರೋಗ್ರಾಮೂ ನಿಯಮವನ್ನು ತನ್ನದೇ ರೀತಿಯಲ್ಲಿ ಮತ್ತೆ ಬರೆಯುತ್ತದೆ. ಒಂದು ಕಡೆ 40ಕ್ಕೆ ದಶಕ ಏರುತ್ತದೆ, ಇನ್ನೊಂದು ಕಡೆ ಏರುವುದಿಲ್ಲ. ನಿಯಮ ಅಂಕಿಯ ಪಕ್ಕದಲ್ಲೇ, ಡೇಟಾಬೇಸಿನ ಒಳಗೇ ಇರಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಪೋಸ್ಟ್‌ಗ್ರೆಸ್ ಮತ್ತು ಅದರ ಭಾಷೆಗಳು

ಎಸ್‌ಕ್ಯೂಎಲ್ ‘ಏನು ಬೇಕು’ ಎಂದು ಹೇಳುವ ಭಾಷೆ. ಹೇಗೆ ಮಾಡಬೇಕು, ಮೊದಲು ಯಾವುದು, ಆಮೇಲೆ ಯಾವುದು, ಇಂಥದ್ದಾದರೆ ಏನು, ಎಷ್ಟು ಸಲ ಎಂದೆಲ್ಲ ಹಂತಹಂತವಾಗಿ ಹೇಳಲು ಪ್ರೊಸೀಜರಲ್ ಭಾಷೆ ಬೇಕಾಗುತ್ತದೆ. ಒರಾಕಲ್‌ನಲ್ಲಿ ಅದು ಪಿಎಲ್/ಎಸ್‌ಕ್ಯೂಎಲ್. ಅಲ್ಲಿ ತಯಾರಕರು ಕೊಟ್ಟ ಭಾಷೆಯನ್ನೇ ಬಳಸಬೇಕು.

ಪೋಸ್ಟ್‌ಗ್ರೆಸ್‌ನ ದಾರಿ ಬೇರೆ. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಇದನ್ನು ಶುರು ಮಾಡಿದಾಗಲೇ, ಬಳಕೆದಾರರು ತಮ್ಮ ದತ್ತಾಂಶ ಮಾದರಿಗಳನ್ನೂ (ಟೈಪ್) ಫಂಕ್ಷನ್‌ಗಳನ್ನೂ ತಾವೇ ಸೇರಿಸುವಂತಿರಬೇಕು ಎಂಬುದು ವಿನ್ಯಾಸದ ಮೂಲದಲ್ಲಿತ್ತು. ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಅದಕ್ಕೆ ಎಸ್‌ಕ್ಯೂಎಲ್ ಜೋಡಿಸಿದರು. 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಈಗಿನ ಹೆಸರು ಬಂತು. 1998ರ 6.4ನೇ ಆವೃತ್ತಿಯಲ್ಲಿ ಯಾನ್ ವೀಕ್ ಬರೆದ ಪಿಎಲ್/ಪಿಜಿಎಸ್‌ಕ್ಯೂಎಲ್ ಸೇರಿತು. ಇಂದು ಮೂಲ ಕಟ್ಟಿನಲ್ಲೇ ಪರ್ಲ್, ಪೈಥಾನ್, ಟಿಕಲ್ ಭಾಷೆಗಳಿಗೂ ಹ್ಯಾಂಡ್ಲರ್‌ಗಳಿವೆ. ಹೊರಗಿನವರು ಬರೆದ ಜಾವಾ, ಆರ್, ಲುವಾ, ಜಾವಾಸ್ಕ್ರಿಪ್ಟ್ ಹ್ಯಾಂಡ್ಲರ್‌ಗಳೂ ಸಿಗುತ್ತವೆ. ಗಮನಿಸಬೇಕಾದ್ದೇನೆಂದರೆ, ಮನೆಯದೇ ಆದ ಪಿಎಲ್/ಪಿಜಿಎಸ್‌ಕ್ಯೂಎಲ್‌ಗೆ ಕೂಡ ಒಳಬಾಗಿಲು ಬೇರೆ ಇಲ್ಲ. ಹೊರಗಿನ ಭಾಷೆ ಬರುವ ಬಾಗಿಲಲ್ಲೇ ಅದೂ ಬರುತ್ತದೆ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೊಬ್ಬರು ಬರೆದ ಹ್ಯಾಂಡ್ಲರಿಗೂ ಅಲ್ಲಿ ಅಷ್ಟೇ ಅಧಿಕಾರ.

ಹ್ಯಾಂಡ್ಲರ್ ಎಂದರೆ ಯಾರು

ಮಂಡಿಯ ದಲ್ಲಾಳಿ ಬೆಳೆಯುವವನೂ ಅಲ್ಲ, ಒಯ್ಯುವವನೂ ಅಲ್ಲ. ಗುಂಡ್ಲುಪೇಟೆಯ ರೈತನ ಮಾತನ್ನು ಕೇರಳದ ವ್ಯಾಪಾರಿಗೆ, ಅವನ ಮಾತನ್ನು ಇವನಿಗೆ ಮುಟ್ಟಿಸಿ ಲೆಕ್ಕ ತೀರಿಸುವವನು. ಹ್ಯಾಂಡ್ಲರಿನ ಕೆಲಸವೂ ಅಂಥದ್ದೇ. ಡೇಟಾಬೇಸಿಗೆ ಪರ್ಲ್ ಗೊತ್ತಿಲ್ಲ, ಪರ್ಲ್‌ಗೆ ಡೇಟಾಬೇಸಿನ ಒಳಗುಟ್ಟು ಗೊತ್ತಿಲ್ಲ.

ಪೋಸ್ಟ್‌ಗ್ರೆಸ್‌ಗೆ ತಾನಾಗಿ ಗೊತ್ತಿರುವುದು ಮೂರೇ ಬಗೆಯ ಫಂಕ್ಷನ್: ಒಳಗೇ ಕಟ್ಟಿರುವುದು, ಸಿ ಭಾಷೆಯದು, ಎಸ್‌ಕ್ಯೂಎಲ್‌ನದು. ಉಳಿದ ಭಾಷೆಯಲ್ಲಿ ಬರೆದ ಫಂಕ್ಷನ್ನಿನ ಒಡಲು ಅದರ ಕಣ್ಣಿಗೆ ಬರೀ ಅಕ್ಷರದ ಸಾಲು. ಅದನ್ನು ಓದುವ ಗೋಜಿಗೆ ಅದು ಹೋಗುವುದೇ ಇಲ್ಲ. ‘ಪಿಜಿ_ಪ್ರೊಕ್’ ಎಂಬ ವ್ಯವಸ್ಥಾ ಟೇಬಲ್ಲಿನ ‘ಪ್ರೊಎಸ್‌ಆರ್‌ಸಿ’ ಕಾಲಂನಲ್ಲಿ ಹಾಗೆಯೇ ಇಟ್ಟುಕೊಳ್ಳುತ್ತದೆ. ಯಾರಾದರೂ ಆ ಫಂಕ್ಷನ್ ಕರೆದರೆ ‘ಇದು ಇಂಥ ಭಾಷೆಯದು, ಆ ಭಾಷೆಯ ಹ್ಯಾಂಡ್ಲರ್ ನೋಡಿಕೊಳ್ಳಲಿ’ ಎಂದು ಕರೆಯನ್ನು ದಾಟಿಸುತ್ತದೆ. ಭಾಷೆಗಳ ಪಟ್ಟಿ ‘ಪಿಜಿ_ಲ್ಯಾಂಗ್ವೇಜ್’ ಎಂಬ ಇನ್ನೊಂದು ಟೇಬಲ್ಲಿನಲ್ಲಿದೆ. ಭಾಷೆಯ ಹೆಸರು, ಒಡೆಯರು, ನಂಬಬಹುದಾದದ್ದೇ ಅಲ್ಲವೇ, ಹ್ಯಾಂಡ್ಲರ್ ಯಾವುದು ಎಂಬ ವಿವರಗಳು ಅಲ್ಲಿರುತ್ತವೆ.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ಒಡಲು ಬರೀ ಪಠ್ಯವಾದ್ದರಿಂದ ಅದು ಕನ್ನಡದಲ್ಲಿಯೂ ಇರಬಹುದು. ಡೇಟಾಬೇಸಿನ ಎನ್‌ಕೋಡಿಂಗ್ ಯುಟಿಎಫ್-8 ಆಗಿದ್ದರೆ ಸಾಕು. ಪಿಎಲ್/ಗುಂಟೆಯ ಒಂದು ಫಂಕ್ಷನ್ನಿನ ಒಡಲು ಹೀಗಿರಬಹುದು:

ಸಾಗುವಳಿ = ಒಟ್ಟು - ಖರಾಬು;
ಪಾಲು ಸಾಗುವಳಿ ಜನ ಕ್ರಮ ಉಳಿಕೆ ಕೊನೆಗೆ;

ಎರಡು ಡಾಲರ್ ಗುರುತುಗಳ ಜೋಡಿಯ ನಡುವೆ ಇದನ್ನಿಟ್ಟು ಫಂಕ್ಷನ್ ಸೃಷ್ಟಿಸಿದರೆ ಪೋಸ್ಟ್‌ಗ್ರೆಸ್ ತಕರಾರಿಲ್ಲದೆ ಉಳಿಸಿಕೊಳ್ಳುತ್ತದೆ. ಒಟ್ಟು, ಖರಾಬು, ಜನ, ಕ್ರಮ ಎಂಬವು ಫಂಕ್ಷನ್ನಿನ ವಾದಾಂಶಗಳ (ಆರ್ಗ್ಯುಮೆಂಟ್) ಹೆಸರು. ಎಷ್ಟು ಜನಕ್ಕೆ ಪಾಲು ಎಂಬುದು ‘ಜನ’, ಅದರಲ್ಲಿ ಎಷ್ಟನೆಯವರದು ಬೇಕು ಎಂಬುದು ‘ಕ್ರಮ’.

ಭಾಷೆಯ ನೋಂದಣಿ

ನೋಂದಣಿಗೆ ಎರಡು ಹೆಜ್ಜೆ. ಮೊದಲು ಸಿಯಲ್ಲಿ ಬರೆದು ಕಂಪೈಲ್ ಮಾಡಿದ ಹ್ಯಾಂಡ್ಲರನ್ನು ಒಂದು ಮಾಮೂಲಿ ಫಂಕ್ಷನ್ ಆಗಿ ಘೋಷಿಸಬೇಕು. ಅದಕ್ಕೆ ವಾದಾಂಶಗಳೇ ಇಲ್ಲ, ಹಿಂದಿರುಗಿಸುವ ಮಾದರಿ ‘ಲ್ಯಾಂಗ್ವೇಜ್_ಹ್ಯಾಂಡ್ಲರ್’ ಎಂಬ ವಿಶೇಷ ಹೆಸರು. ಈ ವಿಚಿತ್ರ ಮಾದರಿಯ ಉದ್ದೇಶವೇ ಯಾರೂ ತಪ್ಪಿ ಹ್ಯಾಂಡ್ಲರನ್ನು ನೇರವಾಗಿ ಎಸ್‌ಕ್ಯೂಎಲ್‌ನಿಂದ ಕರೆಯದಂತೆ ತಡೆಯುವುದು. ಆಮೇಲೆ ‘ಕ್ರಿಯೇಟ್ ಲ್ಯಾಂಗ್ವೇಜ್’ ಆಜ್ಞೆಯಲ್ಲಿ ಭಾಷೆಗೆ ಹೆಸರು ಕೊಟ್ಟು ಹ್ಯಾಂಡ್ಲರನ್ನು ಜೋಡಿಸಬೇಕು. ಬೇಕಿದ್ದರೆ ಇನ್ನೆರಡು ಫಂಕ್ಷನ್‌ಗಳನ್ನೂ ಜೊತೆಗೆ ಕೊಡಬಹುದು: ಹೆಸರಿಲ್ಲದ ತುಣುಕು ಕೋಡನ್ನು ‘ಡೂ’ ಆಜ್ಞೆಯಿಂದ ಓಡಿಸುವ ಇನ್‌ಲೈನ್ ಹ್ಯಾಂಡ್ಲರ್, ಫಂಕ್ಷನ್ ಸೃಷ್ಟಿಸುವಾಗಲೇ ತಪ್ಪು ಹಿಡಿಯುವ ವ್ಯಾಲಿಡೇಟರ್.

9.1ನೇ ಆವೃತ್ತಿಯಿಂದ ಇವೆಲ್ಲವನ್ನೂ ಒಂದು ಎಕ್ಸ್‌ಟೆನ್ಷನ್ ಆಗಿ ಕಟ್ಟಿಡುವುದು ರೂಢಿ. ಬಳಸುವವರು ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳಬಹುದು, ಒಂದೇ ಆಜ್ಞೆಯಲ್ಲಿ ತೆಗೆಯಬಹುದು.

ಒಂದು ಕರೆಯ ಹಾದಿ

ಪಹಣಿ ಟೇಬಲ್ಲಿನ ಒಂದು ಸಾಲಿಗೆ ಮೇಲಿನ ಫಂಕ್ಷನ್ ಕರೆದಾಗ ಒಳಗೆ ಏನಾಗುತ್ತದೆ ಎಂದು ನಿಧಾನವಾಗಿ ನೋಡೋಣ. ಹ್ಯಾಂಡ್ಲರ್ ಬರೆಯುವುದೆಂದರೆ ಈ ಹಾದಿಯನ್ನು ಬರೆಯುವುದೇ.

ಹ್ಯಾಂಡ್ಲರಿಗೆ ಕೈಗೆ ಸಿಗುವುದು ಒಂದೇ ವಸ್ತು, ‘ಎಫ್‌ಸಿಇನ್ಫೋ’ ಎಂಬ ಪಾಯಿಂಟರ್. ಅದರೊಳಗೆ ಕರೆದ ಫಂಕ್ಷನ್ನಿನ ಗುರುತು ಸಂಖ್ಯೆ ಇದೆ, ವಾದಾಂಶಗಳ ಬೆಲೆಗಳಿವೆ, ಯಾವುದು ನಲ್, ಅಂದರೆ ಖಾಲಿ, ಎಂಬ ಗುರುತಿದೆ. ಗುರುತು ಸಂಖ್ಯೆ ಹ್ಯಾಂಡ್ಲರಿನದಲ್ಲ, ಬಳಕೆದಾರರು ಬರೆದ ಫಂಕ್ಷನ್ನಿನದು. ಅದೇ ಇಡೀ ಏರ್ಪಾಟಿನ ಕೀಲಿ. ಅದನ್ನು ಹಿಡಿದು ಸಿಸ್ಟಮ್ ಕ್ಯಾಶ್‌ನಲ್ಲಿ ಹುಡುಕಿದರೆ ‘ಪಿಜಿ_ಪ್ರೊಕ್’ ಟೇಬಲ್ಲಿನ ಸಾಲು ಸಿಗುತ್ತದೆ. ಅದರಿಂದ ಮೂಲ ಪಠ್ಯ, ವಾದಾಂಶಗಳ ಹೆಸರು, ಮಾದರಿ, ಹಿಂದಿರುಗಿಸಬೇಕಾದ ಮಾದರಿ ಎಲ್ಲವನ್ನೂ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಆ ಸಾಲನ್ನು ಬಿಟ್ಟುಕೊಡಲು ಮರೆಯಬಾರದು. ಮರೆತರೆ ವ್ಯವಹಾರ (ಟ್ರಾನ್ಸಾಕ್ಷನ್) ಮುಗಿಯುವಾಗ ಪೋಸ್ಟ್‌ಗ್ರೆಸ್ ಎಚ್ಚರಿಕೆ ಮುದ್ರಿಸುತ್ತದೆ.

ಮುಂದೆ ಬೆಲೆಗಳ ಪರಿವರ್ತನೆ. ಪೋಸ್ಟ್‌ಗ್ರೆಸ್ ಎಲ್ಲ ಬೆಲೆಗಳನ್ನೂ ‘ಡೇಟಮ್’ ಎಂಬ ಒಂದೇ ಅಳತೆಯ ಪೊಟ್ಟಣದಲ್ಲಿ ಸಾಗಿಸುತ್ತದೆ. ಸಣ್ಣ ಪೂರ್ಣಾಂಕವಾದರೆ ಬೆಲೆಯೇ ಅದರೊಳಗೆ ಕೂರುತ್ತದೆ. ಪಠ್ಯವಾದರೆ ಅದು ಬೇರೆಲ್ಲೋ ಇದ್ದು ಅದರ ವಿಳಾಸ ಮಾತ್ರ ಇಲ್ಲಿರುತ್ತದೆ. ಉದ್ದನೆಯ ಪಠ್ಯ ಕುಗ್ಗಿಸಿದ ರೂಪದಲ್ಲಿಯೂ ಇರಬಹುದು, ಮುಖ್ಯ ಟೇಬಲ್ಲಿನ ಹೊರಗೂ ಇರಬಹುದು. ಮೊದಲ ಹ್ಯಾಂಡ್ಲರ್ ಬರೆಯುವವರಿಗೆ ಸುಲಭದ ದಾರಿಯೊಂದಿದೆ: ಪ್ರತಿಯೊಂದು ಮಾದರಿಗೂ ಅದನ್ನು ಅಕ್ಷರರೂಪಕ್ಕೆ ತರುವ ಔಟ್‌ಪುಟ್ ಫಂಕ್ಷನ್, ಅಕ್ಷರರೂಪದಿಂದ ಹಿಂದೆ ತರುವ ಇನ್‌ಪುಟ್ ಫಂಕ್ಷನ್ ಇದ್ದೇ ಇರುತ್ತವೆ. ಒಳಬರುವ ಬೆಲೆಗೆ ಮೊದಲನೆಯದನ್ನು, ಉತ್ತರಕ್ಕೆ ಎರಡನೆಯದನ್ನು ಬಳಸಿದರೆ ಯಾವ ಮಾದರಿ ಬಂದರೂ ಹ್ಯಾಂಡ್ಲರ್ ಕೆಡುವುದಿಲ್ಲ. ವೇಗ ಸ್ವಲ್ಪ ಕಡಿಮೆ. ಮೊದಲು ಸರಿಯಾಗಲಿ, ವೇಗ ಆಮೇಲೆ ಬರಲಿ.

ನಲ್ ವಿಷಯದಲ್ಲಿ ಪಿಎಲ್/ಗುಂಟೆ ಕಟ್ಟುನಿಟ್ಟಾಗಿರಬೇಕು. ಖರಾಬು ಕಾಲಂ ಖಾಲಿ ಬಿಟ್ಟಿದೆ ಎಂದರೆ ಖರಾಬು ಸೊನ್ನೆ ಎಂದಲ್ಲ. ಯಾರೂ ಬರೆದಿಲ್ಲ ಎಂದಷ್ಟೆ. ಅದನ್ನು ಸೊನ್ನೆ ಎಂದು ಹಿಡಿದು ಸಾಗುವಳಿ ನೆಲ ಹೆಚ್ಚಿಸಿ ತೋರಿಸುವ ಹ್ಯಾಂಡ್ಲರ್ ಕಂದಾಯ ದಾಖಲೆಯ ಹತ್ತಿರ ಬರಬಾರದು. ನಲ್ ಬಂದರೆ ಉತ್ತರವೂ ನಲ್.

ಗುಂಟೆ, ಆಣೆ ಮತ್ತು ಮಿಕ್ಕ ಒಂದು

ಭಾಷೆಯ ಹೃದಯ ಲೆಕ್ಕದಲ್ಲಿದೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಗುಂಟೆಯೆಂದರೆ 1,089 ಚದರ ಅಡಿ, ಆಣೆಯೆಂದರೆ ಸುಮಾರು 68 ಚದರ ಅಡಿ. ಹೀಗಾಗಿ ಒಂದು ಎಕರೆಗೆ 640 ಆಣೆ. ಪಿಎಲ್/ಗುಂಟೆ ಒಳಗೆ ಎಲ್ಲವನ್ನೂ ಆಣೆಯ ಪೂರ್ಣಾಂಕವಾಗಿ ಇಟ್ಟುಕೊಂಡು, ಹೊರಗೆ ಕೊಡುವಾಗ ಮಾತ್ರ ಎಕರೆ-ಗುಂಟೆ-ಆಣೆಗೆ ಒಡೆಯಬೇಕು. ನಾಲ್ಕು ಬೈಟಿನ ಪೂರ್ಣಾಂಕದಲ್ಲಿ 33 ಲಕ್ಷ ಎಕರೆಗೂ ಮಿಕ್ಕಿ ಹಿಡಿಯುತ್ತದೆ. ಇಡೀ ಚಾಮರಾಜನಗರ ಜಿಲ್ಲೆಯನ್ನು ಬಂಡೀಪುರದ ಕಾಡೂ ಸೇರಿಸಿ ಅಳೆದರೂ ಅಷ್ಟಾಗದು.

ಮೊದಲ ಉದಾಹರಣೆಗೆ ಹಿಂದಿರುಗೋಣ. 4 ಎಕರೆ 12 ಗುಂಟೆ ಎಂದರೆ 172 ಗುಂಟೆ, ಅಂದರೆ 2,752 ಆಣೆ. ಖರಾಬು 240 ಆಣೆ. ಉಳಿದದ್ದು 2,512 ಆಣೆ. 3 ಎಕರೆ 37 ಗುಂಟೆ, ಸರಿಯಾಯಿತು.

ಈಗ ಅದನ್ನು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಾರೆ ಎನ್ನಿ. 2,512ನ್ನು 3ರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 837 ಆಣೆ, ಮಿಕ್ಕಿದ್ದು 1. 837 ಆಣೆ ಎಂದರೆ 1 ಎಕರೆ 12 ಗುಂಟೆ 5 ಆಣೆ. ಆ ಮಿಕ್ಕ ಒಂದು ಆಣೆ ಯಾರಿಗೆ? ದಶಮಾಂಶದಲ್ಲಿ ಲೆಕ್ಕ ಹಾಕುವ ಪ್ರೋಗ್ರಾಮು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಮೂವರಿಗೂ ಸುತ್ತುಗೊಳಿಸಿದ ಅಂಕಿ ಬರೆದು ಸುಮ್ಮನಾಗುತ್ತದೆ, ಮೂರು ಪಾಲು ಕೂಡಿದರೆ ಮೂಲ ವಿಸ್ತೀರ್ಣ ಬರುವುದಿಲ್ಲ. ಮುಂದೆಂದೋ ಒಬ್ಬರು ಮಾರಲು ಹೊರಟಾಗ, 11ಇ ನಕ್ಷೆಗೆ ಅರ್ಜಿ ಹಾಕಿ ಸರ್ವೇಯರ್ ಬಂದು ಅಳೆದಾಗ, ಪಹಣಿಗೂ ನೆಲಕ್ಕೂ ತಾಳೆಯಾಗದೆ ಕಡತ ಹಿಂದಿರುಗಬಹುದು.

ಪಿಎಲ್/ಗುಂಟೆಯಲ್ಲಿ ‘ಪಾಲು’ ಎಂಬ ಪದದ ಜೊತೆ ಉಳಿಕೆ ಎಲ್ಲಿಗೆ ಎಂದು ಬರೆಯಲೇಬೇಕು. ‘ಉಳಿಕೆ ಕೊನೆಗೆ’ ಎಂದರೆ ಮೂರನೆಯವರಿಗೆ 838 ಆಣೆ. ‘ಉಳಿಕೆ ಮೊದಲಿಗೆ’ ಎಂದರೆ ಮೊದಲನೆಯವರಿಗೆ. ಬರೆಯದೆ ಬಿಟ್ಟರೆ ಭಾಷೆ ಫಂಕ್ಷನ್ನನ್ನೇ ಒಪ್ಪಬಾರದು. ಹೊಸ ಭಾಷೆ ಕಟ್ಟುವುದರಲ್ಲಿ ನನಗೆ ತುಂಬ ಮುಖ್ಯವೆನಿಸುವುದು ಇದು: ಸುಮ್ಮನೆ ದಾಟಿಹೋಗುವ ತೀರ್ಮಾನವನ್ನು ಬರೆಯುವವರ ಬಾಯಿಂದ ಹೇಳಿಸುವ ಶಕ್ತಿ ಭಾಷೆಗಿದೆ.

ಖರಾಬಿನಲ್ಲಿಯೂ ಇಂಥದೇ ಸೂಕ್ಷ್ಮವಿದೆ. ಸಾಗುವಳಿಗೆ ಒದಗದ ‘ಅ’ ಖರಾಬು ಬೇರೆ, ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಯ ‘ಬ’ ಖರಾಬು ಬೇರೆ. ಎರಡನ್ನೂ ಒಂದೇ ಅಂಕಿಗೆ ಸೇರಿಸಿಬಿಟ್ಟರೆ ಮತ್ತೆ ಬೇರ್ಪಡಿಸಲಾಗದು. ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ವಾದಾಂಶ ಇಡುವುದು ಒಳ್ಳೆಯದು.

ಕನ್ನಡದ ಸಾಲನ್ನು ಯಂತ್ರ ಓದುವ ಬಗೆ

ಪಠ್ಯವನ್ನು ತುಂಡು ಮಾಡಿ ಪದಗಳಾಗಿ ಗುರುತಿಸುವ ಭಾಗವನ್ನು ಕನ್ನಡಕ್ಕೆ ಬರೆಯುವಾಗ ಇಂಗ್ಲಿಷಿನಲ್ಲಿ ಎದುರಾಗದ ತೊಡಕುಗಳು ಬರುತ್ತವೆ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಗುಂಟೆ’ ಕಣ್ಣಿಗೆ ಎರಡಕ್ಷರ. ಯಂತ್ರಕ್ಕೆ ಅದು ಗ, ಉಕಾರ, ಅನುಸ್ವಾರ, ಟ, ಎಕಾರ ಎಂಬ ಐದು ಸಂಕೇತ, 15 ಬೈಟ್. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರುಗಳ ಮಿತಿ 63 ಬೈಟ್. ಎಂದರೆ ಕನ್ನಡದಲ್ಲಿ 21 ಸಂಕೇತಕ್ಕೆ ಹೆಸರು ಮುಗಿಯಬೇಕು, ಮೀರಿದರೆ ಬಾಲ ಕತ್ತರಿಸಿಹೋಗುತ್ತದೆ. ‘ಸಾಗುವಳಿ_ವಿಸ್ತೀರ್ಣ’ 49 ಬೈಟಿನಲ್ಲಿ ಹಿಡಿಸುತ್ತದೆ. ಅದಕ್ಕಿಂತ ಬಹಳ ಉದ್ದದ ಹೆಸರಿಡುವ ಆಸೆ ಬಿಡಬೇಕು.

ಒಂದೇ ಪದವನ್ನು ಎರಡು ಬಗೆಯಲ್ಲಿ ಕೂಡಿಸಲು ಸಾಧ್ಯವಿರುವುದು ಇದಕ್ಕಿಂತ ದೊಡ್ಡ ತೊಡಕು. ‘ಹೊಲ’ದಲ್ಲಿನ ಒಕಾರ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳು ಸೇರಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟಿನಲ್ಲಿ ಬೇರೆ. ವಾದಾಂಶದ ಹೆಸರನ್ನು ಒಬ್ಬರು ಒಂದು ರೀತಿ ಟೈಪ್ ಮಾಡಿ, ಒಡಲಿನಲ್ಲಿ ಇನ್ನೊಂದು ರೀತಿ ಬಂದರೆ ‘ಹೊಲ ಎಂಬ ಹೆಸರಿಲ್ಲ’ ಎಂಬ ದೂರು ಬರುತ್ತದೆ. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಹಾಗಾಗಿ ಹೋಲಿಸುವ ಮೊದಲು ಎರಡನ್ನೂ ಯುನಿಕೋಡ್‌ನ ಸಾಮಾನ್ಯ ರೂಪಕ್ಕೆ ತರಬೇಕು. 13ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿಯೇ ಅದಕ್ಕೆ ‘ನಾರ್ಮಲೈಸ್’ ಫಂಕ್ಷನ್ ಇದೆ. ಒತ್ತಕ್ಷರ ಒಡೆಯಲೋ ಕೂಡಿಸಲೋ ಕೀಲಿಮಣೆ ಸೇರಿಸುವ ಕಾಣದ ಜೋಡಕ, ಬೇರ್ಪಡಕ ಗುರುತುಗಳನ್ನು ನಾರ್ಮಲೈಸ್ ತೆಗೆಯುವುದಿಲ್ಲ. ಅವುಗಳಿಗೆ ಹ್ಯಾಂಡ್ಲರೇ ನಿಯಮ ಮಾಡಬೇಕು: ಒಂದೋ ಹೆಸರಿನಲ್ಲಿ ಅವನ್ನು ಕಡೆಗಣಿಸುವುದು, ಇಲ್ಲವೇ ಕಂಡೊಡನೆ ತಪ್ಪು ತೋರಿಸುವುದು. ನನ್ನ ಮತ ಕಡೆಗಣಿಸುವುದರ ಕಡೆಗೆ.

ಕನ್ನಡ ಅಂಕಿಗಳನ್ನೂ ಒಪ್ಪಬೇಕು. ೦ಯಿಂದ ೯ರವರೆಗಿನ ಸಂಕೇತಗಳು ಯುನಿಕೋಡ್‌ನಲ್ಲಿ ಸಾಲಾಗಿರುವುದರಿಂದ ಸೊನ್ನೆಯ ಸಂಕೇತವನ್ನು ಕಳೆದರೆ ಬೆಲೆ ಸಿಗುತ್ತದೆ. ಹತ್ತು ಸಾಲಿನ ಕೆಲಸ; ಇದನ್ನು ಬಿಡಲು ಯಾವ ನೆಪವೂ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಉಳಿಸಿದ ಕಡತದಿಂದ ನಕಲು ಮಾಡಿದ ಸಾಲು ಮಾತ್ರ ಯುನಿಕೋಡ್ ಅಲ್ಲ, ಅದು ಲ್ಯಾಟಿನ್ ಅಕ್ಷರಗಳ ಗೊಂದಲವಾಗಿ ಬರುತ್ತದೆ. ಅಂಥದ್ದನ್ನು ಊಹಿಸಿ ಸರಿಪಡಿಸಲು ಹೋಗಬಾರದು.

ವ್ಯಾಕರಣದ ಪ್ರಶ್ನೆಯೂ ಇದೆ. ‘ಸಾಗುವಳಿಯನ್ನು ಮೂರು ಪಾಲು ಮಾಡು’ ಎಂದು ನಾವು ಮಾತಾಡುವಂತೆಯೇ ಬರೆಯಲು ಬಿಟ್ಟರೆ ಚೆನ್ನ ಎನಿಸುತ್ತದೆ. ಆದರೆ ವಿಭಕ್ತಿ ಸೇರಿದ ಕೂಡಲೇ ಹೆಸರು ಬದಲಾಗುತ್ತದೆ. ಒಟ್ಟು, ಒಟ್ಟನ್ನು, ಒಟ್ಟಿಗೆ, ಒಟ್ಟಿನಿಂದ. ಪ್ರತಿ ಹೆಸರಿನ ಹಿಂದೆ ಸಂಧಿ ಬಿಡಿಸುವ ಕೆಲಸ ಹಚ್ಚಿಕೊಂಡರೆ ಭಾಷೆ ಎಂದೂ ಮುಗಿಯುವುದಿಲ್ಲ, ಮುಗಿದರೂ ನಂಬಲಾಗುವುದಿಲ್ಲ. ಪಹಣಿಯಲ್ಲಿ ಹೆಸರುಗಳೆಲ್ಲ ಪ್ರತ್ಯಯವಿಲ್ಲದೆ ನಿಂತಿರುವಂತೆ ಪಿಎಲ್/ಗುಂಟೆಯಲ್ಲಿಯೂ ಬರಿಯ ಹೆಸರುಗಳೇ ಇರಲಿ. ಗ್ರಾಮ ಆಡಳಿತಾಧಿಕಾರಿಗಳು, ಕಂದಾಯ ನಿರೀಕ್ಷಕರು ದಿನವೂ ಓದುವುದು ಅಂಥ ಸಾಲುಗಳನ್ನೇ.

ಮೆಮೊರಿ ಮತ್ತು ತಪ್ಪು

ಒಂದು ಸಲ ಸರಿಯಾಗಿ ಓಡಿದ ಹ್ಯಾಂಡ್ಲರ್ ಲಕ್ಷ ಸಲ ಸರಿಯಾಗಿ ಓಡಬೇಕಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ.

ಪೋಸ್ಟ್‌ಗ್ರೆಸ್‌ನಲ್ಲಿ ಮೆಮೊರಿಯನ್ನು ‘ಪ್ಯಾಲಕ್’ನಿಂದ ಕೇಳಬೇಕು, ಸಿಯ ಮಾಮೂಲಿ ‘ಮ್ಯಾಲಕ್’ನಿಂದಲ್ಲ. ಕೇಳಿದ್ದೆಲ್ಲ ಒಂದು ‘ಮೆಮೊರಿ ಕಾಂಟೆಕ್ಸ್ಟ್’ಗೆ ಸೇರುತ್ತದೆ, ಅದರ ಆಯುಸ್ಸು ಮುಗಿದಾಗ ಒಟ್ಟಾಗಿ ಬಿಡುಗಡೆಯಾಗುತ್ತದೆ. ಫಂಕ್ಷನ್ ಓಡುವಾಗಿನ ಕಾಂಟೆಕ್ಸ್ಟ್ ಒಂದು ಸಾಲಿನಷ್ಟು ಹೊತ್ತು ಮಾತ್ರ ಬದುಕುತ್ತದೆ. ಒಡಲನ್ನು ಪ್ರತಿ ಸಾಲಿಗೂ ಹೊಸದಾಗಿ ಓದಿ ಅರ್ಥಮಾಡಿಕೊಳ್ಳುವುದು ದಂಡ. ಒಮ್ಮೆ ಓದಿ ಇಟ್ಟುಕೊಳ್ಳಲು ‘ಎಫ್‌ಎನ್_ಎಕ್ಸ್‌ಟ್ರಾ’ ಎಂಬ ಜಾಗವಿದೆ. ಅಲ್ಲಿ ಇಡುವುದನ್ನು ಅಲ್ಪಾಯುಷಿ ಕಾಂಟೆಕ್ಸ್ಟ್‌ನಿಂದ ಪಡೆದಿದ್ದರೆ ಎರಡನೇ ಸಾಲಿಗೇ ಅದು ಕಸವಾಗಿರುತ್ತದೆ. ಜೊತೆಗೆ ಬಂದಿರುವ ‘ಎಫ್‌ಎನ್_ಎಂಸಿಎಕ್ಸ್‌ಟಿ’ ಎಂಬ ದೀರ್ಘಾಯುಷಿ ಕಾಂಟೆಕ್ಸ್ಟ್ ಬಳಸಬೇಕು. ಇಡೀ ಸೆಷನ್ನಿಗೆ ಇಟ್ಟುಕೊಳ್ಳುವುದಾದರೆ ಮಧ್ಯೆ ಯಾರಾದರೂ ಫಂಕ್ಷನ್ನನ್ನು ತಿದ್ದಿರಬಹುದು ಎಂಬ ಎಚ್ಚರವೂ ಬೇಕು. ‘ಪಿಜಿ_ಪ್ರೊಕ್’ ಸಾಲಿನ ವ್ಯವಹಾರ ಸಂಖ್ಯೆ ಮತ್ತು ಸ್ಥಾನವನ್ನು ಬರೆದಿಟ್ಟುಕೊಂಡು ಪ್ರತಿ ಕರೆಯಲ್ಲಿ ತಾಳೆ ನೋಡುವುದು ಪಿಎಲ್/ಪಿಜಿಎಸ್‌ಕ್ಯೂಎಲ್ ಅನುಸರಿಸುವ ಕ್ರಮ.

ತಪ್ಪು ತಿಳಿಸುವುದು ‘ಇರಿಪೋರ್ಟ್’ನಿಂದ. ಅದು ಕರೆದಲ್ಲಿಗೆ ಹಿಂದಿರುಗುವುದಿಲ್ಲ, ನಡುವಿನದನ್ನೆಲ್ಲ ಹಾರಿ ಮೇಲಕ್ಕೆ ಜಿಗಿಯುತ್ತದೆ. ಸಿ++ ಅಥವಾ ಬೇರೆ ಭಾಷೆಯ ಇಂಟರ್‌ಪ್ರಿಟರ್ ಜೋಡಿಸಿದವರಿಗೆ ಇದು ತೊಂದರೆ: ಆ ಭಾಷೆ ಅರ್ಧಕ್ಕೆ ತೆರೆದಿಟ್ಟ ವಸ್ತುಗಳು ತೆರೆದೇ ಉಳಿಯುತ್ತವೆ. ಎರಡು ಲೋಕಗಳ ಗಡಿಯಲ್ಲಿ ತಪ್ಪನ್ನು ಹಿಡಿದು ಆ ಕಡೆಯ ರೂಪಕ್ಕೆ ತಿರುಗಿಸಬೇಕು. ಹಾಗೆಯೇ ಉದ್ದದ ಲೂಪಿನೊಳಗೆ ಆಗಾಗ ‘ಯಾರಾದರೂ ನಿಲ್ಲಿಸು ಎಂದರೇ’ ಎಂದು ಪರೀಕ್ಷಿಸುವ ಮ್ಯಾಕ್ರೊ ಹಾಕದಿದ್ದರೆ ಬಳಕೆದಾರರು ರದ್ದು ಮಾಡಿದರೂ ಕ್ವೆರಿ ನಿಲ್ಲುವುದಿಲ್ಲ.

ತಪ್ಪಿನ ಸಂದೇಶ ಕನ್ನಡದಲ್ಲೇ ಇರಲಿ, ಎಲ್ಲಿ ಎಂಬುದನ್ನೂ ಹೇಳಲಿ. ‘3ನೇ ಸಾಲು: 97 ಗುಂಟೆ ಸಲ್ಲದು, 39 ಮೀರಬಾರದು’ ಎಂಬ ಸಂದೇಶ ಓದಿದವರು ಯಾರನ್ನೂ ಕೇಳದೆ ತಿದ್ದಿಕೊಳ್ಳಬಲ್ಲರು.

ಟ್ರಿಗರ್ ಮತ್ತು ಒಳಗಿನಿಂದ ಕ್ವೆರಿ

ಟೇಬಲ್ಲಿಗೆ ಹೊಸ ಸಾಲು ಬರುವಾಗ ತಾನಾಗಿ ಓಡುವ ಟ್ರಿಗರ್ ಫಂಕ್ಷನ್ನುಗಳನ್ನೂ ಅದೇ ಹ್ಯಾಂಡ್ಲರ್ ನೋಡಿಕೊಳ್ಳುತ್ತದೆ. ಕರೆ ಟ್ರಿಗರ್‌ನಿಂದ ಬಂದದ್ದೇ ಎಂದು ಮೊದಲೇ ಪರೀಕ್ಷಿಸಿ ದಾರಿ ಬೇರೆ ಮಾಡಬೇಕು. ಅಲ್ಲಿ ಹಿಂದಿರುಗಿಸುವುದು ಸಾಲನ್ನೇ. ಖಾಲಿ ಪಾಯಿಂಟರ್ ಕೊಟ್ಟರೆ ‘ಈ ಸಾಲು ಬೇಡ’ ಎಂದರ್ಥ. ಪಾಲುಗಳ ಮೊತ್ತ ಸರ್ವೆ ನಂಬರಿನ ವಿಸ್ತೀರ್ಣಕ್ಕೆ ತಾಳೆಯಾಗದ ಮ್ಯುಟೇಷನ್ನನ್ನು ಬಾಗಿಲಲ್ಲೇ ತಡೆಯಲು ಇದು ಸರಿಯಾದ ಜಾಗ. ಆದರೆ ಸದ್ದಿಲ್ಲದೆ ಬಿಡುವುದಕ್ಕಿಂತ ಕಾರಣ ಹೇಳಿ ತಪ್ಪು ಎತ್ತುವುದೇ ವಾಸಿ.

ಭಾಷೆಯೊಳಗಿಂದ ಇತರ ಟೇಬಲ್ಲುಗಳನ್ನು ಓದಲು ‘ಎಸ್‌ಪಿಐ’ ಎಂಬ ಒಳಸೇತುವೆ ಇದೆ. ಸಂಪರ್ಕ ತೆರೆ, ಕ್ವೆರಿ ಓಡಿಸು, ಮುಚ್ಚು, ಅಷ್ಟೆ. ಪಿಎಲ್/ಗುಂಟೆಯ ಮೊದಲ ಆವೃತ್ತಿಗೆ ಇದು ಬೇಕಿಲ್ಲ. ಒಂದೇ ಕರೆಗೆ ಮೂರು ಪಾಲುಗಳನ್ನೂ ಮೂರು ಸಾಲಾಗಿ ಕೊಡುವ ಸೌಲಭ್ಯವೂ ಆಮೇಲೆ ಬರಲಿ. ಸದ್ಯ ಆ ಸೌಲಭ್ಯ ಇಲ್ಲದ್ದರಿಂದಲೇ ‘ಕ್ರಮ’ ಎಂಬ ವಾದಾಂಶ ಇಟ್ಟದ್ದು.

ನಂಬುವ ಭಾಷೆ, ನಂಬದ ಭಾಷೆ

ಹ್ಯಾಂಡ್ಲರ್ ಸರ್ವರಿನ ಒಳಗೇ, ಸರ್ವರಿನ ಹಕ್ಕಿನಲ್ಲೇ ಓಡುತ್ತದೆ. ಭಾಷೆಯಲ್ಲಿ ಕಡತ ತೆರೆಯಲು, ಜಾಲಕ್ಕೆ ಹೋಗಲು ಅವಕಾಶವಿದ್ದರೆ, ಒಬ್ಬ ಸಾಮಾನ್ಯ ಬಳಕೆದಾರ ಡೇಟಾಬೇಸಿನ ಕಡತಗಳನ್ನೇ ಓದಿಬಿಡಬಹುದು. ಆದ್ದರಿಂದ ಪೋಸ್ಟ್‌ಗ್ರೆಸ್ ಭಾಷೆಗಳನ್ನು ಎರಡಾಗಿ ವಿಂಗಡಿಸುತ್ತದೆ. ‘ಟ್ರಸ್ಟೆಡ್’ ಎಂದು ಘೋಷಿಸಿದ ಭಾಷೆಯಲ್ಲಿ ಸಾಮಾನ್ಯ ಬಳಕೆದಾರರೂ ಫಂಕ್ಷನ್ ಬರೆಯಬಹುದು. ಇಲ್ಲದಿದ್ದರೆ ಸೂಪರ್‌ಯೂಸರ್ ಮಾತ್ರ. ಪರ್ಲ್‌ಗೆ ಎರಡೂ ರೂಪಗಳಿವೆ. ಪೈಥಾನ್‌ಗೆ ನಂಬದ ರೂಪ ಮಾತ್ರ, ಏಕೆಂದರೆ ಪೈಥಾನನ್ನು ಒಳಗಿನಿಂದ ಕಟ್ಟಿಹಾಕುವ ಭರವಸೆಯ ಉಪಾಯವಿಲ್ಲ.

‘ಟ್ರಸ್ಟೆಡ್’ ಎಂಬ ಘೋಷಣೆಯನ್ನು ಪೋಸ್ಟ್‌ಗ್ರೆಸ್ ಪರೀಕ್ಷಿಸುವುದಿಲ್ಲ. ಬರೆದವರ ಮಾತನ್ನು ಹಾಗೇ ನಂಬುತ್ತದೆ. ಪಿಎಲ್/ಗುಂಟೆಯಲ್ಲಿ ಕೂಡು, ಕಳೆ, ಪಾಲು ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಟ್ರಸ್ಟೆಡ್ ಎನ್ನಲು ಅಡ್ಡಿಯಿಲ್ಲ. ಭಾಷೆ ಚಿಕ್ಕದಾದಷ್ಟೂ ಈ ಭರವಸೆ ಕೊಡುವುದು ಸುಲಭ. ಹಾಗಿದ್ದರೂ ಸಿಯಲ್ಲಿ ಬರೆದ ಓದುಗ ಭಾಗದಲ್ಲಿ ಒಂದು ಬೈಟ್ ಆಚೆ ಓದಿದರೂ ಆ ಭರವಸೆ ಮುರಿದಂತೆ. ಆವರಣದೊಳಗೆ ಆವರಣ ಎಂದು ಸಾವಿರ ಸಲ ತೆರೆದ ಒಡಲನ್ನು ಕೊಟ್ಟು ಸ್ಟ್ಯಾಕ್ ಉಕ್ಕಿಸಲೂ ಯಾರಾದರೂ ನೋಡಬಹುದು. ಅದಕ್ಕೆ ಆಳ ಪರೀಕ್ಷಿಸುವ ಫಂಕ್ಷನ್ ಸಿದ್ಧವಿದೆ.

ಭಾಷೆಯೇ ಬೇಕೇ?

ಬರೀ ಕೂಡಿಸಿ ಕಳೆಯಲು ಭಾಷೆ ಬೇಡ. ಆಣೆಯ ಪೂರ್ಣಾಂಕದ ಕಾಲಂ, ಎಕರೆ-ಗುಂಟೆಗೆ ತಿರುಗಿಸುವ ಎರಡು ಎಸ್‌ಕ್ಯೂಎಲ್ ಫಂಕ್ಷನ್ ಸಾಕು. ಇನ್ನೂ ಅಚ್ಚುಕಟ್ಟಾಗಬೇಕೆಂದರೆ ‘ವಿಸ್ತೀರ್ಣ’ ಎಂಬ ಹೊಸ ಮಾದರಿಯನ್ನೇ ಸೃಷ್ಟಿಸಿ ಅದಕ್ಕೆ ಕೂಡುವ, ಕಳೆಯುವ ಚಿಹ್ನೆಗಳನ್ನು ಕಲಿಸಬಹುದು. ಹೆಚ್ಚಿನವರು ಅಲ್ಲಿಗೇ ನಿಲ್ಲಬೇಕು, ನಿಲ್ಲುವುದು ವಿವೇಕ.

ನಿಯಮ ಬರೆಯುವವರು ಮತ್ತು ಪ್ರೋಗ್ರಾಮ್ ಬರೆಯುವವರು ಬೇರೆ ಬೇರೆಯಾದಾಗ ಭಾಷೆ ಬೇಕಾಗುತ್ತದೆ. ಪಾಲಿನ ಕ್ರಮ, ಖರಾಬಿನ ಲೆಕ್ಕ ಎಲ್ಲವನ್ನೂ ಬಲ್ಲವರು ಶಿರಸ್ತೇದಾರರು, ಸರ್ವೇಯರ್‌ಗಳು. ಇವತ್ತು ಅವರು ಹೇಳಿದ್ದನ್ನು ಬೆಂಗಳೂರಿನ ಪ್ರೋಗ್ರಾಮರ್ ಕೇಳಿಸಿಕೊಂಡು ಇಂಗ್ಲಿಷಿನ ಕೋಡಾಗಿ ಬರೆಯುತ್ತಾರೆ; ಬರೆದದ್ದು ತಾವು ಹೇಳಿದ್ದೇ ಹೌದೇ ಎಂದು ಹೇಳಿದವರು ಓದಿ ನೋಡುವ ದಾರಿ ಇಲ್ಲ. ಮೇಲೆ ಕೊಟ್ಟ ಎರಡು ಸಾಲಿನ ಒಡಲನ್ನು ತೆರಕಣಾಂಬಿ ನಾಡಕಚೇರಿಯಲ್ಲಿ ಕೂತವರು ಓದಿ ‘ಉಳಿಕೆ ಕೊನೆಗಲ್ಲ, ಮೊದಲಿಗೆ’ ಎಂದು ತಿದ್ದಬಲ್ಲರು. ಇಷ್ಟೆಲ್ಲ ಶ್ರಮಕ್ಕೆ ಅದೊಂದೇ ಕಾರಣ ಸಾಕೆಂದು ನಾನು ನಂಬಿದ್ದೇನೆ.

ಕಟ್ಟುವುದು, ಪರೀಕ್ಷಿಸುವುದು

ಶುರು ಮಾಡುವವರು ಪೋಸ್ಟ್‌ಗ್ರೆಸ್‌ನ ಮೂಲ ಕೋಡಿನಲ್ಲಿ ಪರೀಕ್ಷಾ ಮಾಡ್ಯೂಲುಗಳ ಕೋಶದಲ್ಲಿರುವ ‘ಪಿಎಲ್‌ಸ್ಯಾಂಪಲ್’ ನೋಡಬೇಕು. ಒಡಲನ್ನು ತೆಗೆದು, ವಾದಾಂಶಗಳನ್ನು ಅಕ್ಷರಕ್ಕೆ ತಂದು, ಒಡಲನ್ನೇ ಉತ್ತರವಾಗಿ ಹಿಂದಿರುಗಿಸುವ ಹ್ಯಾಂಡ್ಲರ್ ಅದು. ಭಾಷೆ ಇಲ್ಲ, ಚೌಕಟ್ಟು ಪೂರ್ತಿ ಇದೆ. ಅದರ ನಡುವೆ ನಮ್ಮ ಓದುಗ ಭಾಗವನ್ನೂ ಲೆಕ್ಕದ ಭಾಗವನ್ನೂ ಕೂರಿಸಿದರೆ ಪಿಎಲ್/ಗುಂಟೆ ಉಸಿರಾಡತೊಡಗುತ್ತದೆ.

ಎರಡನೇ ಕೆಲಸವಾಗಿ ವ್ಯಾಲಿಡೇಟರ್ ಬರೆಯಿರಿ. ಬಹಳ ಜನ ಅದನ್ನು ಕೊನೆಗಿಡುತ್ತಾರೆ. ಅದಿಲ್ಲದಿದ್ದರೆ ತಪ್ಪಾದ ಒಡಲು ಸೃಷ್ಟಿಯಾದಾಗ ಸುಮ್ಮನಿದ್ದು ತಿಂಗಳ ನಂತರ ಯಾರದೋ ಪಹಣಿ ತೆಗೆಯುವಾಗ ಸಿಡಿಯುತ್ತದೆ. ಬ್ಯಾಕಪ್‌ನಿಂದ ಮರಳಿ ತುಂಬುವಾಗ ಮಾತ್ರ ‘ಚೆಕ್_ಫಂಕ್ಷನ್_ಬಾಡೀಸ್’ ಎಂಬ ಸೆಟ್ಟಿಂಗ್ ಆಫ್ ಆಗಿರುತ್ತದೆ. ಆಗ ವ್ಯಾಲಿಡೇಟರ್ ಆಳವಾದ ಪರೀಕ್ಷೆಗೆ ಇಳಿಯದೆ ದಾರಿ ಬಿಡಬೇಕು, ಏಕೆಂದರೆ ಫಂಕ್ಷನ್ ಅವಲಂಬಿಸಿದ ವಸ್ತುಗಳು ಇನ್ನೂ ಬಂದಿರದಿರಬಹುದು.

ಪರೀಕ್ಷೆಗೆ ಪೋಸ್ಟ್‌ಗ್ರೆಸ್‌ನ ಬಿಲ್ಡ್ ವ್ಯವಸ್ಥೆಯಲ್ಲೇ ಸೌಕರ್ಯವಿದೆ. ಪ್ರಶ್ನೆಗಳ ಕಡತವೊಂದು, ಬರಬೇಕಾದ ಉತ್ತರಗಳ ಕಡತವೊಂದು ಇಟ್ಟರೆ ‘ಮೇಕ್ ಇನ್‌ಸ್ಟಾಲ್‌ಚೆಕ್’ ಎಂದಾಗ ಎರಡನ್ನೂ ಹೋಲಿಸಿ ವ್ಯತ್ಯಾಸ ತೋರಿಸುತ್ತದೆ. ಪ್ರಶ್ನೆಗಳಲ್ಲಿ 39 ಗುಂಟೆಗೆ ಒಂದು ಕೂಡುವುದು, ಸೊನ್ನೆ ಜನಕ್ಕೆ ಪಾಲು, ಒಟ್ಟಿಗಿಂತ ಹೆಚ್ಚಿನ ಖರಾಬು, ಎರಡು ಬಗೆಯ ಒಕಾರ, ಕನ್ನಡ ಅಂಕಿ, ನಲ್ ಇವೆಲ್ಲ ಇರಲಿ. ಪ್ರತಿ ಪಾಲಿನ ಪರೀಕ್ಷೆಯ ನಂತರ ಪಾಲುಗಳನ್ನು ಮತ್ತೆ ಕೂಡಿಸಿ ಮೂಲಕ್ಕೆ ಸಮವೇ ಎಂದು ನೋಡಬೇಕು.

ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಒಳಗಿನ ರಚನೆಗಳು ಬದಲಾಗುತ್ತವೆ. 12ನೇ ಆವೃತ್ತಿಯಲ್ಲಿ ವಾದಾಂಶಗಳನ್ನು ಇಡುವ ವಿನ್ಯಾಸವೇ ಬದಲಾಗಿ ಹಳೆಯ ಹ್ಯಾಂಡ್ಲರ್‌ಗಳನ್ನು ತಿದ್ದಬೇಕಾಯಿತು. ಮಾಡ್ಯೂಲಿನ ಮೊದಲಲ್ಲಿ ಬರೆಯುವ ‘ಪಿಜಿ_ಮಾಡ್ಯೂಲ್_ಮ್ಯಾಜಿಕ್’ ಎಂಬ ಒಂದು ಸಾಲು ಬೇರೆ ಆವೃತ್ತಿಗೆ ಕಟ್ಟಿದ ಕಡತವನ್ನು ಸರ್ವರ್ ಒಳಗೆ ಬಿಟ್ಟುಕೊಳ್ಳದಂತೆ ನೋಡಿಕೊಳ್ಳುತ್ತದೆ. ಸರ್ವರ್ ಮೇಲ್ದರ್ಜೆಗೇರಿಸುವ ದಿನ ಹ್ಯಾಂಡ್ಲರನ್ನೂ ಹೊಸ ಆವೃತ್ತಿಗೆ ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಮೊದಲಿನಿಂದ ಓಡಿಸಿ, ಎಲ್ಲವೂ ಪಾಸಾದ ಮೇಲೆಯೇ ಪಹಣಿ ಟೇಬಲ್ಲನ್ನು ಬಳಕೆಗೆ ತೆರೆಯಬೇಕು.